ಓದುವವರ ಒಳಗುಟ್ಟು

"ನೀವು ಪುಸ್ತಕಗಳನ್ನು ಏಕೆ ಓದುತ್ತೀರಿ?" ಎಂದು ಯಾರನ್ನಾದರೂ ಕೇಳಿ ನೋಡಿ. ಕೇಳಿಸಿಕೊಂಡವರು ಒಂದು ಕ್ಷಣ ತಡವರಿಸಿ, ಶಾಲೆಯ ಪ್ರಬಂಧದಲ್ಲಿ ಎಂದೋ ಬರೆದ ಉತ್ತರವನ್ನೇ ಒಪ್ಪಿಸುತ್ತಾರೆ. ಜ್ಞಾನ ಹೆಚ್ಚುತ್ತದೆ, ಭಾಷೆ ಸುಧಾರಿಸುತ್ತದೆ, ಕಾಲದ ಸದ್ವಿನಿಯೋಗವಾಗುತ್ತದೆ, ಇತ್ಯಾದಿ. ಇವೆಲ್ಲ ಸುಳ್ಳೆಂದು ನಾವು ಹೇಳಲಾರೆವು. ಆದರೆ ರಾತ್ರಿ ಹನ್ನೊಂದು ಹೊಡೆದರೂ ದೀಪ ಆರಿಸಲೊಲ್ಲದೆ, "ಇನ್ನೆರಡೇ ಪುಟ" ಎಂದು ಮನೆಯವರನ್ನು ಸಮಾಧಾನಪಡಿಸುತ್ತ ಕಾದಂಬರಿ ಹಿಡಿದು ಕುಳಿತ ಮನುಷ್ಯ ಆ ಹೊತ್ತಿನಲ್ಲಿ ಜ್ಞಾನಾರ್ಜನೆಯ ಸಂಕಲ್ಪ ಮಾಡಿಕೊಂಡಿರುತ್ತಾನೆಂದು ನಂಬುವುದು ಕಷ್ಟ. ಅವನನ್ನು ಎಚ್ಚರವಾಗಿ ಕೂರಿಸಿದ ಕಾರಣ ಬೇರೆ. ಅದು ಅವನ ಸ್ವಂತದ್ದು. ಪಂಕ್ತಿಯಲ್ಲಿ ಕೂತಾಗ ಒಬ್ಬರ ಕಣ್ಣು ಉಪ್ಪಿನಕಾಯಿಯ ಕಡೆಗೂ ಇನ್ನೊಬ್ಬರ ಕಣ್ಣು ಪಾಯಸದ ಕಡೆಗೂ ಏಕೆ ಹೋಗುತ್ತದೆಂದು ವಿವರಿಸಲಾಗದಂತೆ, ಈ ಕಾರಣವನ್ನೂ ಅವನು ಸುಲಭವಾಗಿ ವಿವರಿಸಲಾರ. ಕೆಲವೊಮ್ಮೆ ಹೇಳಿಕೊಳ್ಳಲು ಸಂಕೋಚವೂ ಆಗುತ್ತದೆ.

ಇಂಥ ಒಳಗುಟ್ಟುಗಳಲ್ಲಿ ಕೆಲವನ್ನು ಇಲ್ಲಿ ಬಿಡಿಸಿ ನೋಡೋಣವೆಂದು ನಮ್ಮ ಆಸೆ. ಇದು ಬರಿಯ ವಿನೋದಕ್ಕಲ್ಲ. ಹೊರನಾಡಿನಲ್ಲಿದ್ದು ಕನ್ನಡ ಪುಸ್ತಕಗಳ ಕಪಾಟನ್ನು ಕಾಯುತ್ತಿರುವ ನಮಗೆ ಈ ವಿಚಾರದಿಂದ ಒಂದು ಕೆಲಸದ ಮಾತೂ ಸಿಕ್ಕೀತು.

ಕಚೇರಿಯಲ್ಲಿ ದುಡಿಯುವ ನಮ್ಮಂಥವರಿಗೆ ದಿನವೆಲ್ಲ ಓದುವುದೇ ಉದ್ಯೋಗ. ಬೆಳಿಗ್ಗೆ ಮೇಜಿನ ಮೇಲೆ ಬಂದು ಕುಳಿತ ಕಡತಗಳು ಸಂಜೆಯವರೆಗೆ ಕಣ್ಣಿಗೆ ಬಿಡುವು ಕೊಡುವುದಿಲ್ಲ. ಈಗ ಅನೇಕ ಕಡತಗಳು ಕಂಪ್ಯೂಟರಿನ ತೆರೆಯ ಮೇಲೆ ಬರುತ್ತವೆ. ಧೂಳು ಕಡಿಮೆಯಾಗಿದೆಯೇ ಹೊರತು ಓದುವ ಶ್ರಮವೇನೂ ಕಡಿಮೆಯಾಗಿಲ್ಲ. ಹೀಗೆ ಎಂಟು ಗಂಟೆ ಓದಿ ದಣಿದವನು ಮನೆಗೆ ಹೊರಟಾಗ, ಲೋಕಲ್ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದ್ದೇ ತಡ, ಚೀಲದಿಂದ ಪುಸ್ತಕ ತೆಗೆದು ಮತ್ತೆ ಓದಲು ತೊಡಗುತ್ತಾನೆ! ನೋಡಿದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ವಿಚಿತ್ರವೇನೂ ಇಲ್ಲ. ಕಡತದಲ್ಲಿರುವ ಒಕ್ಕಣೆ ಹುದ್ದೆಗೆ ಸಂಬಂಧಿಸಿದ್ದು. ನಾವು ರಜೆ ಹಾಕಿದರೆ ಪಕ್ಕದ ಮೇಜಿನವರು ಅದನ್ನೇ ಓದಿ ಅದೇ ಷರಾ ಬರೆದು ಮುಂದಕ್ಕೆ ಕಳಿಸುತ್ತಾರೆ. ಪುಸ್ತಕದ ಮುಂದೆ ಹೀಗೆ ಬದಲಿ ಜನವನ್ನು ಕೂರಿಸಲಾಗದು. ಒಂದೇ ಪುಟವನ್ನು ಓದಿ ಒಬ್ಬರು ನಗುತ್ತಾರೆ, ಇನ್ನೊಬ್ಬರು ಪುಸ್ತಕ ಮುಚ್ಚಿ ಸುಮ್ಮನೆ ಕೂರುತ್ತಾರೆ. ದಿನವೆಲ್ಲ ಹುದ್ದೆಯ ಹೆಸರಿನಿಂದ ಕರೆಸಿಕೊಂಡವನನ್ನು ಸಂಜೆ ಯಾರೋ ಅವನ ಸ್ವಂತ ಹೆಸರು ಹಿಡಿದು ಕರೆದಂತೆ. ಓದಿನ ಮೊದಲ ಸುಖ ಇದು.

ಎರಡನೆಯ ಸುಖ ಇನ್ನೂ ಸರಳವಾದದ್ದು. "ಮುಂದೇನಾಯಿತು?" ಎಂಬ ಕುತೂಹಲ. ಪಂಡಿತರು ಇದನ್ನು ಅಷ್ಟಾಗಿ ಗೌರವಿಸುವುದಿಲ್ಲ. ಆದರೆ ಕನ್ನಡದಲ್ಲಿ ಗದ್ಯವನ್ನು ಆಸೆಪಟ್ಟು ಓದುವ ದೊಡ್ಡದೊಂದು ವರ್ಗವನ್ನು ಹುಟ್ಟಿಸಿದ್ದು ಈ ಕುತೂಹಲವೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಉತ್ತರ ಕರ್ನಾಟಕದಲ್ಲಿ ಗಳಗನಾಥರು (1869–1942) ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಿಸಿದರು, ತಾವೂ ಬರೆದರು. ಬರೆದದ್ದನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಶಾಲಾ ಮಾಸ್ತರರಾಗಿದ್ದ ಅವರು ಕನ್ನಡವನ್ನು ಉದ್ಧರಿಸಬೇಕೆಂದು ಬರೆದಿರಬಹುದು. ಕೊಂಡವರು ಮಾತ್ರ ಕನ್ನಡದ ಉದ್ಧಾರಕ್ಕೆಂದು ಕೊಳ್ಳಲಿಲ್ಲ. ಕಥೆಯ ರಾಜಕುಮಾರನ ಗತಿ ಏನಾಯಿತೆಂದು ತಿಳಿಯಲು ಕೊಂಡರು. ಓದುತ್ತ ಓದುತ್ತ ಕನ್ನಡ ತಾನಾಗಿ ಉದ್ಧಾರವಾಯಿತು!

ಮುಂದೆ 1950ರ ದಶಕದಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಇದೇ ಕೆಲಸ ಮಾಡಿದವು. ಹೆಚ್ಚು ಶಾಲೆ ಕಲಿಯದ ಅವರು ನೂರಾರು ಕಾದಂಬರಿಗಳನ್ನು ಬರೆದರು. ಅಕ್ಷರವನ್ನು ಆಗತಾನೇ ಕೂಡಿಸಿ ಓದಲು ಕಲಿತವರೂ ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿದರು. ವಿಮರ್ಶಕರು ಅವನ್ನು ಹತ್ತಿರಕ್ಕೆ ಸೇರಿಸಲಿಲ್ಲ. ಓದುಗರು ವಿಮರ್ಶಕರ ಅಪ್ಪಣೆಗೆ ಕಾಯಲಿಲ್ಲ. ಮಕ್ಕಳ ಲೋಕದಲ್ಲಿ ಇಂಥ ಕುತೂಹಲವನ್ನು ಸಾಕಿದ್ದು "ಚಂದಮಾಮ". 1947ರಲ್ಲಿ ಮದರಾಸಿನಲ್ಲಿ ತೆಲುಗು ತಮಿಳುಗಳಲ್ಲಿ ಹುಟ್ಟಿ, ಸ್ವಲ್ಪಕಾಲದಲ್ಲೇ ಕನ್ನಡದಲ್ಲೂ ಬರತೊಡಗಿದ ಈ ಮಾಸಪತ್ರಿಕೆಯ ಪ್ರಕಟಣೆ 2013ರ ಹೊತ್ತಿಗೆ ನಿಂತುಹೋಯಿತು. ಇಂದು ಐವತ್ತು ಅರವತ್ತು ದಾಟಿದ ಅನೇಕ ಗಂಭೀರ ಓದುಗರನ್ನು ಕೆದಕಿ ನೋಡಿದರೆ ತಳದಲ್ಲಿ ಬೇತಾಳನನ್ನು ಹೆಗಲಿಗೇರಿಸಿ ನಡೆಯುವ ವಿಕ್ರಮ ಸಿಕ್ಕೇ ಸಿಗುತ್ತಾನೆ.

ಇನ್ನು ಕೆಲವರು ಓದುವುದು ಊರಿಗೆ ಹೋಗಿಬರುವುದಕ್ಕಾಗಿ. ರೈಲಿನ ರಿಜರ್ವೇಷನ್ನೂ ಬೇಡ, ರಜೆಯ ಅರ್ಜಿಯೂ ಬೇಡ. ಕರಾವಳಿಯಿಂದ ಬಂದು ನಾಲ್ಕು ದಶಕಗಳಿಂದ ಮುಂಬಯಿಯಲ್ಲೇ ನೆಲಸಿರುವ ಹಿರಿಯರೊಬ್ಬರು ನಮಗೆ ಪರಿಚಿತರು. ಅವರು ಪ್ರತಿವರ್ಷ ಜೂನ್ ತಿಂಗಳಲ್ಲಿ, ಮೊದಲ ಮಳೆ ಬಿದ್ದ ಮೇಲೆ, ಕಾರಂತರ "ಮರಳಿ ಮಣ್ಣಿಗೆ"ಯನ್ನು ಕೈಗೆತ್ತಿಕೊಳ್ಳುತ್ತಾರೆ. 1940ರ ದಶಕದ ಆರಂಭದಲ್ಲಿ ಬಂದ ಈ ಕಾದಂಬರಿ ಕಡಲ ತಡಿಯ ಒಂದು ಮನೆತನದ ಮೂರು ತಲೆಮಾರುಗಳ ಕಥೆ. ಮದರಾಸಿಗೆ ಓದಲು ಹೋದ ಮೊಮ್ಮಗ ರಾಮ ಕೊನೆಗೆ ಊರಿನ ಮಣ್ಣಿಗೇ ಮರಳುತ್ತಾನೆ. ಆ ಹಿರಿಯರು ಮರಳಲಿಲ್ಲ. ಊರಿನಲ್ಲಿ ಮನೆ ಈಗ ಇಲ್ಲ, ಗದ್ದೆ ಪಾಲಾಗಿ ಮಾರಿಹೋಗಿದೆ. "ನಮ್ಮ ಬಾಗಿಲು ಈಗ ಇರುವುದು ಈ ಪುಸ್ತಕದಲ್ಲೇ ಮಾರಾಯರೆ" ಎಂದು ಒಮ್ಮೆ ನಗುತ್ತ ಹೇಳಿದರು. ನಗು ಮೇಲುಮೇಲಿನದು ಎಂಬುದು ನಮಗೂ ತಿಳಿಯಿತು.

ಊರಿನ ಈ ಸೆಳೆತ ಓದುಗರಿಗೆ ಮಾತ್ರ ಸೀಮಿತವಲ್ಲ, ಬರೆಯುವವರಿಗೂ ಇದ್ದದ್ದೇ. ಯಶವಂತ ಚಿತ್ತಾಲರು (1928–2014) ಬಾಳಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದರು, ರಾಸಾಯನಿಕ ಉದ್ಯಮದಲ್ಲಿ ದುಡಿದರು. ಅವರ ಕಥೆಗಳು ಮಾತ್ರ ಮತ್ತೆ ಮತ್ತೆ ಉತ್ತರ ಕನ್ನಡದ ಹನೇಹಳ್ಳಿಗೆ ಹೋಗಿಬರುತ್ತಿದ್ದವು. ಅದೇ ಚಿತ್ತಾಲರು 1979ರ "ಶಿಕಾರಿ"ಯಲ್ಲಿ ಮುಂಬಯಿಯ ಕಂಪನಿಯೊಂದರ ಒಳಸಂಚಿಗೆ ಸಿಕ್ಕಿಬಿದ್ದ ನಾಗಪ್ಪನನ್ನು ಚಿತ್ರಿಸಿದರು. ಕಚೇರಿಯಲ್ಲಿ ಬೆನ್ನ ಹಿಂದೆ ಪಿಸುಮಾತು ಕೇಳಿದ ಅನುಭವ ಇರುವವರಿಗೆ ಆ ಪುಸ್ತಕವನ್ನು ಯಾರೂ ಶಿಫಾರಸು ಮಾಡಬೇಕಿಲ್ಲ. ಅಂಬಲಪಾಡಿಯಿಂದ ಬಂದ ವ್ಯಾಸರಾಯ ಬಲ್ಲಾಳರ "ಬಂಡಾಯ"ಕ್ಕೆ 1986ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಗೋಕರ್ಣದ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ತೇಜಸ್ವಿನಿ ನಿರಂಜನರ ಇಂಗ್ಲಿಷ್ ಅನುವಾದದಲ್ಲಿ 2018ರ ಡಿ.ಎಸ್.ಸಿ. ಪ್ರಶಸ್ತಿ ಪಡೆದವು. ಹೀಗೆ ಬಿಟ್ಟುಬಂದ ಊರೂ ಬಂದು ಸೇರಿದ ಊರೂ ಎರಡೂ ಕನ್ನಡದಲ್ಲಿ ಸಿಗುತ್ತವೆಂಬುದು ನಮ್ಮ ಭಾಗ್ಯ. ನಾವು ಓಡಾಡುವ ಪ್ಲಾಟ್‌ಫಾರಮ್ಮು, ನಾವು ಹತ್ತುವ ಚಾಳಿನ ಮೆಟ್ಟಿಲು ನಮ್ಮ ಮನೆಮಾತಿನಲ್ಲಿ ಅಚ್ಚಾಗಿ ಬಂದಾಗ, ಅವು ಬಾಡಿಗೆಯವು ಎಂಬ ಭಾವ ಸ್ವಲ್ಪ ಕಡಿಮೆಯಾಗುತ್ತದೆ.

ತಮ್ಮನ್ನು ಯಾರಾದರೂ ಅರ್ಥ ಮಾಡಿಕೊಳ್ಳಲಿ ಎಂದು ಓದುವವರೂ ಉಂಟು. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ತ್ರಿವೇಣಿಯವರು (1928–1963) ಬದುಕಿದ್ದು ಸುಮಾರು ಮೂವತ್ತೈದು ವರ್ಷ. ಮನಶ್ಶಾಸ್ತ್ರ ಓದಿದ್ದ ಅವರು ಹೆಣ್ಣುಮಕ್ಕಳ ಮನಸ್ಸಿನ ಬೇನೆಯನ್ನು ಮನೆಯ ಭಾಷೆಯಲ್ಲಿ ಬರೆದರು. "ಶರಪಂಜರ"ದ ಕಾವೇರಿ ಬಾಣಂತಿತನದ ತರುವಾಯ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು, ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಅವಳಿಗೆ ಗುಣವಾದರೂ ನೋಡುವವರ ಕಣ್ಣಿಗೆ ಗುಣವಾಗುವುದಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲರ ಚಲನಚಿತ್ರವಾಗಿ ಅದು ಇನ್ನೂ ಹೆಚ್ಚು ಮನೆಗಳನ್ನು ತಲುಪಿತು. ಪಕ್ಕದ ಮನೆಯವರೊಡನೆ ಹಂಚಿಕೊಳ್ಳಲಾಗದ, ಗಂಡನಿಗೆ ಹೇಳಿದರೂ "ಎಲ್ಲ ನಿನ್ನ ಭ್ರಮೆ" ಎನಿಸಿಕೊಳ್ಳುವ ಮಾತುಗಳನ್ನು ಒಬ್ಬ ಲೇಖಕಿ ಮೊದಲೇ ಬಲ್ಲವರಂತೆ ಬರೆದಿದ್ದಾರೆಂದು ಕಂಡಾಗ ಎಷ್ಟು ಗೃಹಿಣಿಯರಿಗೆ ಎದೆ ಹಗುರಾಗಿರಬೇಕು! ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಮಕ್ಕಳು ಶಾಲೆಯಿಂದ ಬರುವುದರೊಳಗೆ ಸಿಕ್ಕಿದ ಅರ್ಧಗಂಟೆಯಲ್ಲಿ ನಡೆದ ಈ ಓದನ್ನು ಕಾಲಹರಣವೆಂದು ಕರೆದವರು ಅದರ ಬೆಲೆ ಅರಿಯದವರು.

ಸುಖದ ನೆನಪಿಗೂ ಪುಸ್ತಕ ಬೇಕು. ಕೆ. ಎಸ್. ನರಸಿಂಹಸ್ವಾಮಿಯವರ "ಮೈಸೂರು ಮಲ್ಲಿಗೆ" ಬಂದದ್ದು 1942ರಲ್ಲಿ. ಬರೆದವರು ನಮ್ಮ ಹಾಗೆಯೇ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿದವರೆಂಬ ಸಂಗತಿ ನಮ್ಮ ವರ್ಗಕ್ಕೆ ಸಣ್ಣ ಹೆಮ್ಮೆ. ಮದುವೆಯ ಮನೆಗಳಲ್ಲಿ ಈ ಪುಸ್ತಕವನ್ನು ಉಡುಗೊರೆಯಾಗಿ ಕೊಡುವ ವಾಡಿಕೆ ಬಹುಕಾಲ ನಡೆಯಿತು. ಅಂಥ ಪ್ರತಿಯೊಂದನ್ನು ತೆರೆದರೆ ಮೊದಲ ಪುಟದಲ್ಲಿ ಶಾಯಿ ಮಾಸಿದ ಶುಭಾಶಯ ಕಾಣುತ್ತದೆ. ಪುಟಗಳ ನಡುವೆ ಒಣಗಿದ ಹೂವಿನ ಎಸಳಿದ್ದರೂ ಆಶ್ಚರ್ಯವಿಲ್ಲ. ಅದನ್ನು ಮತ್ತೆ ಓದುವ ದಂಪತಿಗಳು ಕವಿತೆಯ ಜೊತೆಗೆ ತಮ್ಮ ಹಳೆಯ ದಿನಗಳನ್ನೂ ಓದುತ್ತಾರೆ.

ವಾದಕ್ಕಾಗಿ ಓದುವವರ ಪಂಗಡವೊಂದಿದೆ. ಎಸ್. ಎಲ್. ಭೈರಪ್ಪನವರ (ನಿಧನ 2025) ಕಾದಂಬರಿಗಳ ಸುತ್ತ ಇಂಥವರು ಬಹಳ. "ವಂಶವೃಕ್ಷ"ದ ಶ್ರೀನಿವಾಸ ಶ್ರೋತ್ರಿಯರು ಸರಿಯೇ, ಕಾತ್ಯಾಯನಿ ಸರಿಯೇ ಎಂದು ಊಟದ ಎಲೆಯ ಮುಂದೆ ಜಗಳವಾಡಿದ ಮನೆಗಳುಂಟು. "ಪರ್ವ"ವನ್ನು (1979) ಒಪ್ಪಿದವರೂ ಒಪ್ಪದವರೂ ಅಷ್ಟೇ ಶ್ರದ್ಧೆಯಿಂದ ಓದಿದರು. ಒಪ್ಪದ ಪುಸ್ತಕವನ್ನು ಕೊನೆಯವರೆಗೆ ಓದುವುದೇಕೆ? ಎದುರಾಳಿಯಿಲ್ಲದೆ ನಮ್ಮ ಅಭಿಪ್ರಾಯ ಎಷ್ಟು ಗಟ್ಟಿ ಎಂದು ನಮಗೇ ತಿಳಿಯದು. ಪುಸ್ತಕವೆಂಬ ಎದುರಾಳಿ ಮಾತಿಗೆ ಮಾತು ಬೆಳೆಸಿ ಮರುದಿನ ಮುಖ ತಿರುಗಿಸಿಕೊಂಡು ಹೋಗುವವನಲ್ಲ.

ಮನಸ್ಸಿಗೆ ಆಸರೆ ಬೇಕೆಂದು ಓದುವವರು ಬೇರೆ. 1943ರಲ್ಲಿ ಬಂದ ಡಿ.ವಿ.ಜಿ.ಯವರ "ಮಂಕುತಿಮ್ಮನ ಕಗ್ಗ"ದಲ್ಲಿ 945 ಪದ್ಯಗಳಿವೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದುವವರು ವಿರಳ. ದಿನಕ್ಕೊಂದು ಪದ್ಯವನ್ನು ಔಷಧದ ಗುಳಿಗೆಯ ಹಾಗೆ ತೆಗೆದುಕೊಳ್ಳುವವರು ಬಹಳ. ಮತ್ತೆ ಕೆಲವರಿಗೆ ಮನುಷ್ಯರ ಕಥೆಗಿಂತ ಸೃಷ್ಟಿಯ ಕಥೆಯೇ ಪ್ರಿಯ. ಪೂರ್ಣಚಂದ್ರ ತೇಜಸ್ವಿಯವರ "ಕರ್ವಾಲೊ" (1980) ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕಿ ಹೊರಟವರ ಕಥೆ. ಶಾಲೆಯ ಜೀವಶಾಸ್ತ್ರದಲ್ಲಿ ಆಕಳಿಸುತ್ತಿದ್ದ ಹುಡುಗರು ಆ ಓತಿಗಾಗಿ ಪುಟ ತಿರುವಿದ್ದಾರೆ.

ಇದಿಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕುತೂಹಲ, ಊರಿನ ನೆನಪು, ಒಳಗಿನ ನೋವು, ದಾಂಪತ್ಯದ ಸವಿ, ವಾದದ ಚಪಲ, ಸಮಾಧಾನ, ಸೋಜಿಗ ಇವುಗಳಲ್ಲಿ ಯಾವುದೂ ಕರ್ತವ್ಯವಲ್ಲ. ಕರ್ತವ್ಯವೆಂದು ಒಂದು ಪುಸ್ತಕವನ್ನು ಓದಿ ಮುಗಿಸಬಹುದು. ಎರಡನೆಯ ಪುಸ್ತಕಕ್ಕೆ ಕೈ ಚಾಚಬೇಕಾದರೆ ಸ್ವಂತದ ಕಾರಣವೊಂದು ಹುಟ್ಟಿರಬೇಕು.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಹೊರನಾಡಿನ ಕನ್ನಡ ಸಂಘಗಳಲ್ಲಿ, ರಾಜ್ಯೋತ್ಸವದ ವೇದಿಕೆಯ ಮೇಲೆ, ನಾವು ಮಕ್ಕಳಿಗೆ ಪದೇಪದೇ ಹೇಳುವ ಮಾತು ಯಾವುದು? "ಕನ್ನಡ ಉಳಿಯಬೇಕು, ಆದ್ದರಿಂದ ಕನ್ನಡ ಪುಸ್ತಕ ಓದಿರಿ." ಮಾತು ಸದುದ್ದೇಶದ್ದೇ. ಆದರೆ ಹತ್ತು ವರ್ಷದ ಮಗುವಿನ ಹೆಗಲ ಮೇಲೆ ಒಂದು ಭಾಷೆಯನ್ನು ಉಳಿಸುವ ಭಾರ ಹೊರಿಸಿದರೆ, ಮಗು ಪುಸ್ತಕವನ್ನು ಕಂಡು ಓಡದೆ ಇನ್ನೇನು ಮಾಡೀತು? ಆ ಮಗು ಬೇರೆ ಭಾಷೆಯ ಪುಸ್ತಕಗಳನ್ನು ಓದುವಾಗ ಆ ಭಾಷೆಗಳನ್ನು ಉಳಿಸಲು ಓದುವುದಿಲ್ಲ, ಸವಿಯಿರುವುದರಿಂದ ಓದುತ್ತದೆ. ಕನ್ನಡಕ್ಕೆ ಮಾತ್ರ ಏಕೆ ಈ ಶಿಕ್ಷೆ? ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರ ಮನೆಮಾತು ಮರಾಠಿ. ಮನೆಯಲ್ಲಿ ಬೇರೆ ಮಾತಿದ್ದರೂ ಅವರು ಕನ್ನಡದ ರುಚಿಗೆ ಸೋತು ಕನ್ನಡಕ್ಕೆ ಒಲಿದರು. ಮನೆಯ ಹೊರಗೆ ಬೇರೆ ಮಾತಿದೆಯೆಂದು ನಮ್ಮ ಮಕ್ಕಳ ಬಗ್ಗೆ ನಾವು ನಿರಾಶರಾಗಬೇಕಾಗಿಲ್ಲ.

ಸಂಘಗಳ ಗ್ರಂಥಭಂಡಾರದ ಮಾತೂ ಇಲ್ಲೇ ಬರುತ್ತದೆ. ಹಿರಿಯರು ಊರಿಗೆ ಹೋದಾಗಲೆಲ್ಲ ಟ್ರಂಕಿನಲ್ಲಿ ತುಂಬಿ ತಂದ ಪುಸ್ತಕಗಳು, ಧಾರವಾಡದ ಮನೋಹರ ಗ್ರಂಥಮಾಲೆಯಂಥ (1933ರಲ್ಲಿ ಆರಂಭ) ಪ್ರಕಾಶನಗಳಿಗೆ ಚಂದಾದಾರರಾಗಿ ಅಂಚೆಯಲ್ಲಿ ತರಿಸಿಕೊಂಡ ಪುಸ್ತಕಗಳು, ಕಣ್ಣು ಮಂಜಾದ ಮೇಲೆ ಸದಸ್ಯರು ದಾನ ಕೊಟ್ಟ ಪುಸ್ತಕಗಳು, ಹೀಗೆ ಹನಿಗೂಡಿ ಹಳ್ಳವಾದ ಭಂಡಾರಗಳಿವು. ಇವತ್ತು ಇಂಥ ಕಪಾಟುಗಳ ಮುಂದೆ ಧೂಳು ಒರೆಸುವವರ ಹೊರತು ಬೇರೆ ಯಾರೂ ನಿಲ್ಲದ ವಾರಗಳಿವೆ. ನಗರಗಳಲ್ಲಿ ಚದರಡಿಗೆ ಇಂತಿಷ್ಟೆಂದು ಬೆಲೆ ಕಟ್ಟುವ ಕಾಲ ಇದು. "ಯಾರೂ ಮುಟ್ಟದ ಪುಸ್ತಕಗಳನ್ನು ತೆಗೆದುಹಾಕಿ ಆ ಕೋಣೆಯನ್ನು ಬೇರೆಯದಕ್ಕೆ ಉಪಯೋಗಿಸಬಾರದೇಕೆ?" ಎಂಬ ಪ್ರಶ್ನೆ ಕಾರ್ಯಕಾರಿ ಸಮಿತಿಯ ಸಭೆಗಳಲ್ಲಿ ಏಳುವುದು ಸಹಜ. ಕೇಳುವವರು ಕನ್ನಡದ್ವೇಷಿಗಳಲ್ಲ, ಲೆಕ್ಕ ನೋಡುವ ಹೊಣೆಯುಳ್ಳವರು. ಅವರಿಗೆ ಉತ್ತರ ಕೊಡಬೇಕಾದದ್ದು ನಮ್ಮ ಕರ್ತವ್ಯ.

ಈ ಪ್ರಶ್ನೆಗೆ ದಾರಿ ತೋರಿದ ಮಹನೀಯರೊಬ್ಬರಿದ್ದಾರೆ. ಎಸ್. ಆರ್. ರಂಗನಾಥನ್ (1892–1972) ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಗ್ರಂಥಾಲಯ ಹೇಗೆ ನಡೆಯಬೇಕೆಂಬ ಬಗ್ಗೆ 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ನೆಲಸಿ, ಗ್ರಂಥಾಲಯ ವಿಜ್ಞಾನದ ತರಬೇತಿ ಸಂಸ್ಥೆಯನ್ನು ಕಟ್ಟಿ, ಅಲ್ಲಿಯೇ ತೀರಿಕೊಂಡರು. ಅವರ ಸೂತ್ರಗಳಲ್ಲಿ ಎರಡರ ತಾತ್ಪರ್ಯವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಓದಲು ಬಂದ ಪ್ರತಿಯೊಬ್ಬರಿಗೂ ಅವರಿಗೊಪ್ಪುವ ಪುಸ್ತಕವನ್ನು ಒದಗಿಸಬೇಕು, ಕಪಾಟಿನಲ್ಲಿರುವ ಪ್ರತಿಯೊಂದು ಪುಸ್ತಕಕ್ಕೂ ಅದಕ್ಕೊಪ್ಪುವ ಓದುಗನನ್ನು ಹುಡುಕಿಕೊಡಬೇಕು. ಮೊದಲನೆಯದು ಹುಡುಗಿಗೆ ವರನನ್ನು ನೋಡಿದಂತೆ, ಎರಡನೆಯದು ವರನಿಗೆ ಹುಡುಗಿಯನ್ನು ನೋಡಿದಂತೆ. ಎರಡು ಕಡೆಯಿಂದಲೂ ಓಡಾಡುವ ಒಬ್ಬ ಹಿತೈಷಿ ಬೇಕು. ನಮ್ಮ ಭಂಡಾರಗಳಲ್ಲಿ ವಧೂವರರಿಬ್ಬರೂ ಇದ್ದಾರೆ, ಸಂಬಂಧ ಕೂಡಿಸುವವರಿಲ್ಲ. ಯಾರೂ ಮುಟ್ಟದ ಪುಸ್ತಕವೆಂದರೆ ಅನೇಕ ವೇಳೆ ಯಾರಿಗೂ ಪರಿಚಯ ಮಾಡಿಸದ ಪುಸ್ತಕ.

ಆದ್ದರಿಂದ ಗ್ರಂಥಭಂಡಾರದ ಹೊಣೆ ಹೊತ್ತವರು "ಯಾವ ಪುಸ್ತಕ ಬೇಕು?" ಎಂದು ಕೇಳುವುದಕ್ಕೆ ಮೊದಲು "ನಿಮಗೇನು ಇಷ್ಟ?" ಎಂದು ಕೇಳಲಿ. ಅಡಿಗೆಯಲ್ಲಿ ಆಸಕ್ತಿಯೇ, ಕ್ರಿಕೆಟ್ಟೇ, ಕಾಡೇ, ದೆವ್ವದ ಕಥೆಯೇ, ಅಜ್ಜಿಯ ಊರೇ ಎಂದು ವಿಚಾರಿಸಿ ಅಲ್ಲಿಂದ ಹೆಜ್ಜೆ ಇಡಲಿ. ಕಪಾಟುಗಳ ಮೇಲೆ "ಕಾದಂಬರಿ", "ವಿಮರ್ಶೆ" ಎಂಬ ಚೀಟಿಗಳ ಪಕ್ಕದಲ್ಲಿ "ಊರಿನ ನೆನಪಾದವರಿಗೆ", "ನಿದ್ದೆ ಬಾರದವರಿಗೆ", "ನಗಬೇಕೆನ್ನುವವರಿಗೆ" ಎಂದು ಬರೆದ ಇನ್ನಷ್ಟು ಚೀಟಿಗಳಿದ್ದರೆ ನಷ್ಟವೇನು? ಪುಸ್ತಕ ಹಿಂತಿರುಗಿಸುವವರು ಒಳಗೆ ಒಂದು ಕಾಗದದ ತುಂಡಿನಲ್ಲಿ ತಮಗೆ ಅದು ಏಕೆ ಹಿಡಿಸಿತೆಂದು ಎರಡು ಸಾಲು ಬರೆದಿಟ್ಟರೆ ಮುಂದಿನವರಿಗೆ ಅದಕ್ಕಿಂತ ಒಳ್ಳೆಯ ಮುನ್ನುಡಿ ಬೇಕಿಲ್ಲ. ಇದಕ್ಕೆ ಹೊಸ ನಿಧಿ ಕೂಡಿಸಬೇಕಾಗಿಲ್ಲ. ಭಾನುವಾರದ ಎರಡು ಗಂಟೆ ಸಾಕು. ಹೀಗೆ ಒಂದು ವರ್ಷ ಮಾಡಿ ನೋಡಿದ ಮೇಲೂ ಒಂದು ಪುಸ್ತಕಕ್ಕೆ ಯಾರೂ ಸಿಗದಿದ್ದರೆ, ಅದನ್ನು ಊರಿನ ಕಡೆಯ ಯಾವುದಾದರೂ ಶಾಲೆಗೆ ಕಳಿಸಿಕೊಡುವ ಆಲೋಚನೆ ಮಾಡಬಹುದು. ಮೊದಲೇ ರದ್ದಿಯವನನ್ನು ಕರೆಯುವುದು ಬೇಡ.

ಇಲ್ಲಿ ಒಂದು ಆಕ್ಷೇಪವನ್ನು ನಾವು ಊಹಿಸಬಲ್ಲೆವು. "ಮಕ್ಕಳಿಗೆ ಲಿಪಿಯೇ ಬಾರದು. ಮಾತಾಡುತ್ತಾರೆ, ಓದಲಾರರು. ರುಚಿಯ ಮಾತು ಆಮೇಲಿನದಲ್ಲವೇ?" ನ್ಯಾಯವಾದ ಪ್ರಶ್ನೆ. ಆದರೆ ಅಕ್ಷರ ಮೊದಲು, ರುಚಿ ಆಮೇಲೆ ಎಂಬ ಕ್ರಮ ನಮ್ಮ ನಾಡಿನ ಕ್ರಮವಲ್ಲ. ಕುಮಾರವ್ಯಾಸನ ಭಾರತವನ್ನು ಶತಮಾನಗಳ ಕಾಲ ಸವಿದ ಜನರಲ್ಲಿ ಓದಬಲ್ಲವರು ಎಷ್ಟು ಮಂದಿ? ಊರ ಗುಡಿಯಲ್ಲೋ ಚಾವಡಿಯಲ್ಲೋ ಒಬ್ಬರು ರಾಗವಾಗಿ ಓದಿದರು, ಇನ್ನೊಬ್ಬರು ಅರ್ಥ ಹೇಳಿದರು, ಊರೆಲ್ಲ ಕೇಳಿತು. ಅಕ್ಷರ ಬಾರದ ರೈತನೂ ಕರ್ಣನ ಪಾಡಿಗೆ ಕಣ್ಣೊರೆಸಿಕೊಂಡ. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಮೊಗವೀರ ಬಂಧುಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಶ್ರೀಮದ್ಭಾರತ ಮಂಡಳಿಯನ್ನು ಕಟ್ಟಿ, ದುಡಿದು ದಣಿದು ಬಂದ ಮೇಲೆ ಹಳೆಯ ಕನ್ನಡ ಕಾವ್ಯಗಳನ್ನು ಓದಿಸಿ ಕೇಳಿದರು. ಹಗಲು ಹೋಟೆಲಿನಲ್ಲಿ ತಟ್ಟೆ ಲೋಟ ಎತ್ತಿ ರಾತ್ರಿ ಕನ್ನಡ ಶಾಲೆಗೆ ಹೋದ ಹುಡುಗರ ಕಥೆಯೂ ಈ ನಗರದ್ದೇ. ಕಿವಿಯಲ್ಲಿ ರುಚಿ ಹುಟ್ಟಿದವರು ಕಣ್ಣಿಗೆ ಅಕ್ಷರವನ್ನು ತಾವೇ ಅರಸಿಕೊಂಡು ಹೋದರು.

ಹತ್ತಿರದ ಇನ್ನೊಂದು ನಿದರ್ಶನ ಪುಣೆಯದು. ಭೈರಪ್ಪ, ಕಾರಂತ ಮೊದಲಾದವರ ಕೃತಿಗಳನ್ನು ಮರಾಠಿಗೆ ಅನುವಾದಿಸಿ ಮಹಾರಾಷ್ಟ್ರದ ಮನೆಮನೆಗೆ ಮುಟ್ಟಿಸಿದ ಉಮಾ ಕುಲಕರ್ಣಿಯವರ ಕೆಲಸದ ರೀತಿ ಸ್ವಾರಸ್ಯವಾದದ್ದು. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕೊಡುವುದು, ಇವರು ಅದನ್ನು ಕೇಳಿ ಕೇಳಿ ಮರಾಠಿಯಲ್ಲಿ ಬರೆಯುವುದು. ಮಹಾಕಾದಂಬರಿಗಳೇ ಕಿವಿಯ ದಾರಿಯಲ್ಲಿ ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ದಾಟಿರುವಾಗ, ಒಂದು ಸಣ್ಣ ಕಥೆ ತಂದೆಯ ಬಾಯಿಂದ ಮಗಳ ಕಿವಿಗೆ ದಾಟಲಾರದೇ?

ರಾತ್ರಿ ಊಟವಾದ ಮೇಲೆ ಕಾಲುಗಂಟೆ ಟೆಲಿವಿಷನ್ನನ್ನೂ ಮೊಬೈಲನ್ನೂ ಆರಿಸಿ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ. ಅಜ್ಜಿ ಇದ್ದರೆ ಅಜ್ಜಿಯೇ ಓದಲಿ; ಕಣ್ಣು ಸಾಲದಿದ್ದರೆ ದೊಡ್ಡ ಅಕ್ಷರ ಕಾಣುವ ಇ-ಪುಸ್ತಕವೂ ಆದೀತು, ಈಗ ಸಿಗುವ ಧ್ವನಿಪುಸ್ತಕಗಳೂ ಆದಾವು. ನಡುನಡುವೆ ಅರ್ಥ ಕೇಳಿ ಪರೀಕ್ಷೆ ಮಾಡುವುದು ಬೇಡ, ಕೊನೆಗೆ ನೀತಿ ಬೋಧಿಸುವುದೂ ಬೇಡ. ಕಥೆಯನ್ನು ತುಸು ಸ್ವಾರಸ್ಯವಾದ ಜಾಗದಲ್ಲಿ ನಿಲ್ಲಿಸಿ "ಉಳಿದದ್ದು ನಾಳೆ" ಎಂದರೆ ಸಾಕು. ಮರುದಿನ ಮಧ್ಯಾಹ್ನ ಆ ಪುಸ್ತಕವನ್ನು ಯಾರೋ ಕದ್ದು ತೆರೆದು, ತಲೆಕಟ್ಟು ಕೊಂಬುಗಳೊಡನೆ ಹೆಣಗಾಡಿದ ಗುರುತು ಕಂಡರೆ, ತಿಳಿದೂ ತಿಳಿಯದವರಂತೆ ಇದ್ದುಬಿಡಿ.

"ಇಷ್ಟ ಬಂದದ್ದನ್ನೇ ಓದಲು ಬಿಟ್ಟರೆ ಎಲ್ಲರೂ ಹಗುರವಾದದ್ದನ್ನೇ ಓದುತ್ತ ಕೂರುವುದಿಲ್ಲವೇ?" ಎಂದು ಕೆಲವರು ಶಂಕಿಸಬಹುದು. ಕೆಲವರು ಕೂರುತ್ತಾರೆ, ಕೂರಲಿ. ಅವರು ಓದುಗರಾಗಿಯಾದರೂ ಉಳಿದರು. ಬಹಳ ಮಂದಿ ಹಾಗೆ ಕೂರುವುದಿಲ್ಲ. ವಯಸ್ಸು ಬದಲಾದಂತೆ ಮನುಷ್ಯನ ಕಾರಣಗಳೂ ಬದಲಾಗುತ್ತವೆ. ಹದಿನಾರರಲ್ಲಿ ಪತ್ತೇದಾರನ ಹಿಂದೆ ಓಡಿದವನು ಮೂವತ್ತರಲ್ಲಿ ನಾಗಪ್ಪನ ಸಂಕಟವನ್ನು ಗುರುತಿಸುತ್ತಾನೆ, ಅರವತ್ತರಲ್ಲಿ ಕಗ್ಗವನ್ನು ದಿಂಬಿನ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾನೆ. ಒಂದು ಕಾರಣ ಇನ್ನೊಂದು ಕಾರಣಕ್ಕೆ ಕೈಹಿಡಿದು ಕರೆದೊಯ್ಯುತ್ತದೆ. ಮೊದಲ ಮೆಟ್ಟಿಲನ್ನು ಕೀಳೆಂದು ಕಿತ್ತುಹಾಕಿದರೆ ಮೇಲಿನ ಮೆಟ್ಟಿಲುಗಳನ್ನು ಹತ್ತುವವರು ಯಾರು?

ವಾಚಕ ಮಿತ್ರರಲ್ಲಿ ನಮ್ಮದೊಂದು ಬಿನ್ನಹ. ಈ ಸಂಚಿಕೆಯನ್ನು ಮಡಿಚಿಡುವ ಮೊದಲು, ನಿಮ್ಮನ್ನು ಓದುಗರನ್ನಾಗಿ ಮಾಡಿದ ಪುಸ್ತಕ ಯಾವುದೆಂದು ನೆನೆದುಕೊಳ್ಳಿ. ಶ್ರೇಷ್ಠವಾದದ್ದೇ ಆಗಿರಬೇಕೆಂದಿಲ್ಲ, ನಿಜವಾದದ್ದಾದರೆ ಸಾಕು. ಮುಂದಿನ ಸಲ ಸಂಘಕ್ಕೆ ಬರುವಾಗ, ನಿಮ್ಮ ಮಕ್ಕಳಿಗೋ ಪಕ್ಕದ ಮನೆಯ ಮಕ್ಕಳಿಗೋ ಅದರ ಕಥೆಯನ್ನು ಅರ್ಧ ಹೇಳಿ, ಉಳಿದರ್ಧ ಯಾವ ಕಪಾಟಿನ ಯಾವ ಸಾಲಿನಲ್ಲಿದೆಯೆಂದು ತೋರಿಸಿ. ಪುಸ್ತಕಗಳನ್ನು ಯಾರೂ ಮುಟ್ಟುವುದಿಲ್ಲವೆಂಬ ಮಾತು ಸಮಿತಿಯ ಮುಂದಿನ ಸಭೆಯಲ್ಲಿ ಎದ್ದರೆ, ಎರವಲು ಪುಸ್ತಕದ ಹೊಸ ಹೆಸರುಗಳೇ ಅದಕ್ಕೆ ಉತ್ತರ ಕೊಡಲ��.